ನಕ್ಷತ್ರ ಕಾಣುವ ಮಾಡು

ಎಂಬತ್ತರ ದಶಕದಲ್ಲಿ ನಾನು ಬಹರೈನಿನಲ್ಲಿ ಬಡಗಿ. ಮನಾಮದ ಒಬ್ಬ ಯಹೂದಿ ಅಜ್ಜಿ ಹಬ್ಬಕ್ಕೆಂದು ತಾರಸಿಯ ಮೇಲೆ ನನ್ನಿಂದ ಗುಡಿಸಲು ಕಟ್ಟಿಸಿದರು. ಗುಡಿಸಲಿನ ಮಾಡಿಗೆ ಹೊದಿಸಲು ಖರ್ಜೂರದ ಗರಿ. ಉಡುಪಿ ಕಡೆಯವನಿಗೆ ಮಾಡೆಂದರೆ ಮೊದಲು ನೆನಪಾಗುವುದು ಮಳೆ. ಒಂದು ಹನಿಯೂ ಇಳಿಯದ ಹಾಗೆ ಒತ್ತೊತ್ತಾಗಿ ಹೊದಿಸಿ, ಹೊಗಳಿಕೆಗೆ ಕಾದು ನಿಂತೆ.

ಅಜ್ಜಿ ಒಳಗೆ ಬಂದು ಮೇಲೆ ನೋಡಿದರು. "ಇದು ಆಗೋದಿಲ್ಲ ಮಗಾ, ಗರಿ ಕಿತ್ತು ಸಡಿಲಿಸು," ಎಂದರು ಹಿಂದಿಯಲ್ಲಿ.

ನನಗೆ ಪಿತ್ತ ನೆತ್ತಿಗೇರಿತು. "ಮಳೆ ಬಂದ್ರೆ ಸೋರ್ತದಲ್ಲ ಅಮ್ಮಾ?"

"ಸೋರಲಿ. ಗುಲಾಮಗಿರಿ ಬಿಟ್ಟು ಬಂದ ನಮ್ಮ ಹಿರಿಯರು ಮರುಭೂಮಿಯಲ್ಲಿ ಇಂಥದ್ದರಲ್ಲೇ ಇದ್ದದ್ದು. ಅದಕ್ಕೇ ಈ ವಾರ ನಾವೂ ಇದರಲ್ಲೇ ಊಟ ಮಾಡೋದು. ಕೂತಲ್ಲಿಂದ ನಕ್ಷತ್ರ ಕಾಣಬೇಕು."

ಗೊಣಗುತ್ತಲೇ ಗರಿ ಕಿತ್ತೆ. ಸಂಜೆ ಹೊರಟರೆ ಅಜ್ಜಿ ಬಿಡಲಿಲ್ಲ. "ಈ ಗುಡಿಸಲಿಗೆ ಅತಿಥಿ ಬೇಕು. ಮನೆ ಬಿಟ್ಟು ಬಂದವನು ನೀನೇ ಇದ್ದೀಯಲ್ಲ, ಕೂತ್ಕೋ."

ಆ ಊರಲ್ಲಿ ನಾನು ಎಷ್ಟೋ ಮನೆಗಳಿಗೆ ಬಾಗಿಲು ಕೂರಿಸಿದ್ದೆ. ಒಳಗೆ ಕೂರಿಸಿ ಬಡಿಸಿದವರು ಅವರೊಬ್ಬರೇ. ತಟ್ಟೆಯಿಂದ ತಲೆ ಎತ್ತಿದರೆ ಗರಿಗಳ ನಡುವೆ ನಕ್ಷತ್ರ.

ಮರುವರ್ಷವೂ ನನಗೇ ಹೇಳಿ ಕಳಿಸಿದರು. ಸೋರುವ ಮಾಡು ಕಟ್ಟಿದ್ದಕ್ಕೆ ಮತ್ತೆ ಕೆಲಸ ಸಿಕ್ಕಿದ ಬಡಗಿ ನಮ್ಮ ಕಡೆ ಬೇರೆ ಯಾರೂ ಇರಲಿಕ್ಕಿಲ್ಲ.