ಎಪಿಫಾನಿಯಾಳ ಪುಡಿಗಳು

ಪೆರು ದೇಶದ ಅರೆಕಿಪಾ ಊರಿನ ನಮ್ಮ ಮಾರುಕಟ್ಟೆಯಲ್ಲಿ ನನ್ನ ಚೀಸ್ ಅಂಗಡಿಯ ಪಕ್ಕದಲ್ಲೇ ಎಲ್ಲರೂ ಗೌರವದಿಂದ ದೊನ್ಯಾ ಎಂದು ಕರೆಯುವ ಎಪಿಫಾನಿಯಾಳ ಹಣ್ಣಿನ ರಸದ ಅಂಗಡಿ. ಯಾವ ಹಣ್ಣು ಬೇಕೆಂದು ಆಕೆ ಯಾರನ್ನೂ ಕೇಳುವುದಿಲ್ಲ. "ಏನು ತೊಂದ್ರೆ, ಹೇಳಿ" ಎನ್ನುತ್ತಾಳೆ. ಸುಸ್ತು ಎಂದವರ ಪಪ್ಪಾಯಿ ರಸಕ್ಕೆ ಮಾಕಾ ಗೆಡ್ಡೆಯ ಪುಡಿ, ಹೊಟ್ಟೆ ಕಟ್ಟಿದೆ ಎಂದವರಿಗೆ ಅಗಸೆ ಬೀಜ, ಮಂಡಿ ನೋವಿನವರಿಗೆ ಹೊಸದಾಗಿ ಬಂದ ಕೊಲಾಜನ್ ಪುಡಿ. ಡಬ್ಬಿಗಳ ಮೇಲಿನ ಸಣ್ಣಕ್ಷರವನ್ನೆಲ್ಲ ಕನ್ನಡಕ ಏರಿಸಿ ಓದಿಕೊಂಡಿರುವ ಆಕೆಗೆ, ಮುರಿದ ಮದುವೆಗೊಂದು ಪುಡಿ ಇನ್ನೂ ಬಂದಿಲ್ಲವೆಂಬುದೊಂದೇ ಕೊರಗು. ಮೊನ್ನೆ ಟ್ಯಾಕ್ಸಿ ಓಡಿಸುವ ರುಪೆರ್ತೊ ಲೋಟ ಹಿಡಿದು, "ನಿಮ್ಮ ಪುಡಿ ಇರೋವಾಗ ಬಿ.ಪಿ. ಮಾತ್ರೆ ಯಾಕೆ ದೊನ್ಯಾ? ಬಿಟ್ಬಿಟ್ಟೆ" ಎಂದು ಬೀಗಿದ. ಆಕೆ ಆ ಲೋಟವನ್ನೇ ಕಿತ್ತುಕೊಂಡಳು. "ಬುದ್ಧಿ ಇದೆಯಾ ನಿಂಗೆ? ಇದು ಬರೀ ಆಹಾರ ಕಣಯ್ಯಾ, ಔಷಧಿ ಅಲ್ಲ. ಹೋಗಿ ಮಾತ್ರೆ ನುಂಗಿ ಬಾ." ಇದನ್ನು ಕೇಳಿ ಸಾಲಿನಲ್ಲಿದ್ದ ಇಬ್ಬರು ಗಿರಾಕಿಗಳು ಮೆಲ್ಲಗೆ ಜಾರಿಕೊಂಡರು, ಆಕೆ ತಿರುಗಿಯೂ ನೋಡಲಿಲ್ಲ. ಅರ್ಧ ಗಂಟೆಯ ಮೇಲೆ ರುಪೆರ್ತೊ ಮಾತ್ರೆಯ ಶೀಟು ಹಿಡಿದು ಏದುಸಿರು ಬಿಡುತ್ತ ಬಂದ. ಖಾಲಿಯಾದ ಗುಳಿಯನ್ನು ಬೆರಳಿನಿಂದ ಒತ್ತಿ ನೋಡಿ, ಆಕೆ ಲೋಟ ತುಂಬಿಸಿ ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಇನ್ನರ್ಧ ಲೋಟ ಸುರಿದು, "ಇದು ಪುಕ್ಕಟೆ. ನಾಳೆಯೂ ನುಂಗಿಯೇ ಬಾ" ಎಂದಳು.