ಭಾವನನ್ನು ಮಾತಾಡಿಸುತ್ತಾ ಆಲ್ದೂರು ದಾಟಿದ್ದು

ಅಕ್ಕನ ಮಗಳು ಮಂಗಳೂರಿನಲ್ಲಿ ಹಲ್ಲಿನ ಡಾಕ್ಟರಿಕೆ ಓದಿ ಮುಗಿಸಿ, ಬಾಯಿ, ದವಡೆ, ಮುಖದ ಸರ್ಜರಿ ಕಲಿಯಲು ಇನ್ನೂ ಮೂರು ವರ್ಷ ಅಲ್ಲೇ ಉಳಿಯುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಮೂಡಿಗೆರೆಯಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನಿಗೆ ಯಾರ ಓದು ದಂಡ ಎಂದು ತೀರ್ಪು ಕೊಡುವ ಅಧಿಕಾರ ತಾನಾಗಿಯೇ ಬರುತ್ತದೆಂದು ನಂಬಿದ್ದೆ. “ಹಲ್ಲು ಕೀಳೋಕೆ ಎಂಟು ವರ್ಷ ಬೇಕಾ?” ಎಂದು ಕೇಳಿದ್ದೆ. ಅವಳು ರಜೆಗೆ ಬಂದರೂ ಕುರ್ಚಿಯ ಕೈಗೆ ದಾರ ಬಿಗಿದು ಒಂದೇ ಕೈಯಲ್ಲಿ ಗಂಟು ಹಾಕುವುದನ್ನು ಅಭ್ಯಾಸ ಮಾಡುವಳು. ಬಾಳೆಹಣ್ಣಿನ ಸಿಪ್ಪೆ ಕೊಯ್ದು ಮತ್ತೆ ಹೊಲಿಯುವಳು. ಬೈಕಿನಿಂದ ಬಿದ್ದವರ ಮುರಿದ ದವಡೆಗೆ ತಂತಿ ಬಿಗಿಯುವ ಕತೆ ಶುರುಮಾಡಿದರೆ ಭಾವ ತಟ್ಟೆಯಿಂದ ಕೈಯೆತ್ತಿ, “ಊಟದ ಹೊತ್ತಲ್ಲಿ ಬೇಡ ಮಾರಾಯ್ತಿ” ಎನ್ನುತ್ತಿದ್ದರು.

ಆ ಭಾವನಿಗೇ ಕಾಫಿ ಕೊಯ್ಲಿನ ನಡುವೆ ದವಡೆಹಲ್ಲು ನೋಯಲು ಶುರುವಾಯಿತು. ದೇವರಮನೆ ಗುಡ್ಡದ ಕಡೆಯ ಅವರ ತೋಟದಲ್ಲಿ ಹಣ್ಣು ಕೆಂಪಾಗಿತ್ತು, ಆಳುಗಳು ಸಿಕ್ಕಿದ್ದರು. ಹಲ್ಲು ಕಾಯಲಿ ಎಂದರು. ಲವಂಗದ ಎಣ್ಣೆ, ಅಂಗಡಿಯ ಮಾತ್ರೆ, ಬಿಸಿ ಉಪ್ಪಿನ ಶಾಖ. ಮಗಳಿಗೆ ಹೇಳಲು ಒಪ್ಪಲಿಲ್ಲ. “ಅವಳೆದುರಿಗೆ ನಾನು ಬಾಯಿ ಬಿಟ್ಕೊಂಡು ಕೂರೋದಾ?”

ಭಾನುವಾರ ಬೆಳಿಗ್ಗೆ ನಾನು ಹೋದಾಗ ಗದ್ದ ಮತ್ತು ಕುತ್ತಿಗೆಯ ನಡುವಿನ ಗಡಿ ಅಳಿಸಿಹೋಗಿತ್ತು. ಮುಟ್ಟಿದರೆ ಹಲಗೆಯಷ್ಟು ಗಟ್ಟಿ. ಜೊಲ್ಲು ನುಂಗಲಾಗದೆ ಟವೆಲ್ ಹಿಡಿದು ಕೂತಿದ್ದರು. ಅಕ್ಕ ಅಳುತ್ತಾ ಮಗಳಿಗೆ ವಿಡಿಯೊ ಕಾಲ್ ಮಾಡಿದಳು.

“ಅಪ್ಪ, ನಾಲಿಗೆ ಹೊರಗೆ ಹಾಕಿ.”

ಭಾವ ಪ್ರಯತ್ನಿಸಿದರು. ನಾಲಿಗೆ ಹಲ್ಲಿನ ಸಾಲು ದಾಟಲಿಲ್ಲ.

ಆಮೇಲೆ ಮಾತಾಡಿದವಳು ನನ್ನ ಅಕ್ಕನ ಮಗಳಂತಿರಲಿಲ್ಲ, ಯಾರೋ ಡಾಕ್ಟರಂತಿದ್ದಳು. “ಮಾಮ, ಈಗಲೇ ಹೊರಡಿ. ಘಾಟಿ ಇಳಿದು ಇಲ್ಲಿಗೆ ಬರೋದು ಬೇಡ, ಚಿಕ್ಕಮಗಳೂರಿಗೆ ಹೋಗಿ. ನನ್ನ ಸೀನಿಯರ್ ಅಲ್ಲಿದಾರೆ, ಅವ್ರಿಗೆ ಹೇಳ್ತೀನಿ. ಕೀವು ನಾಲಿಗೆ ಕೆಳಗೆ ಹರಡಿದೆ. ಇನ್ನೂ ಊದಿದ್ರೆ ಉಸಿರಿನ ದಾರಿ ಮುಚ್ಚತ್ತೆ. ಮಲಗಿಸ್ಲೇಬೇಡಿ, ಮುಂದಕ್ಕೆ ಬಾಗಿ ಕೂತಿರ್ಲಿ. ಆಗಾಗ ಮಾತಾಡಿಸಿ. ದನಿ ಹೇಗಿದೆ ಕೇಳಿಸ್ಕೊಳ್ಳಿ.”

ಕಾರು ಓಡಿಸಿದವನು ನಾನು. ಪಕ್ಕದಲ್ಲಿ ಭಾವ, ಹಿಂದೆ ಅಕ್ಕ. ಮಾತಾಡಿಸುವುದು ಅಷ್ಟು ಸುಲಭವಿರಲಿಲ್ಲ. ಮಾತಾಡಿ ಎದುರಿದ್ದವರನ್ನು ನಿದ್ದೆಗೆ ದೂಡುವುದು ನನ್ನ ವೃತ್ತಿ. ಎದುರಿದ್ದವರ ಬಾಯಿ ಬಿಡಿಸಿ ಅಭ್ಯಾಸವಿಲ್ಲ. “ಹೇಗಿದೀರಿ ಭಾವ?” ಎಂದೆ. ಅವರು ನೋಡಿದ ನೋಟದಲ್ಲೇ ಉತ್ತರವಿತ್ತು. ಕೊನೆಗೆ ನನ್ನ ಏಕೈಕ ಪ್ರತಿಭೆಯನ್ನು ಬಳಸಿದೆ: ಅವರನ್ನು ಕೆರಳಿಸುವುದು.

“ನನ್ನ ಕೇಳಿದ್ರೆ ಅರೇಬಿಕಾ ಪೂರ್ತಿ ಕಿತ್ತು ರೊಬಸ್ಟಾ ಹಾಕ್ಬೇಕು ಭಾವ.”

“ನಿನ್ನ ಯಾರು ಕೇಳಿದ್ರು?” ಎಂದರು. ಬಿಸಿ ಕಡುಬು ಬಾಯಲ್ಲಿಟ್ಟುಕೊಂಡ ದನಿ. ಆದರೂ ದನಿ.

“ನೆರಳಿನ ಮರ ಎಲ್ಲ ಕಡ್ದು ಬರೀ ಸಿಲ್ವರ್ ಓಕ್ ಹಾಕಿ.”

“ಕತ್ತೆ!”

ನನ್ನ ಜನ್ಮದಲ್ಲಿ ಬೈಗುಳಕ್ಕೆ ಅಷ್ಟು ಸಂತೋಷಪಟ್ಟಿರಲಿಲ್ಲ. ಮೂಡಿಗೆರೆ ದಾಟುವವರೆಗೆ ಅವರು ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅವರ ಜೀಪು, ಅವರ ಮೇಸ್ತ್ರಿ ಎಲ್ಲವನ್ನೂ ಹೀಯಾಳಿಸಿದೆ. ಹಿಂದಿನಿಂದ ಅಕ್ಕ, “ಹುಷಾರಿಲ್ಲದವ್ರ ಹತ್ರ ಹಿಂಗೆ ಮಾತಾಡ್ತೀಯಲ್ಲ, ನಾಚ್ಕೆ ಆಗಲ್ವೇನೋ!” ಎಂದು ಹೆಗಲಿಗೆ ಗುದ್ದಿದಳು.

ಆಲ್ದೂರಿನ ಹತ್ತಿರ ಮತ್ತೆ ರೊಬಸ್ಟಾ ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿ ಹೇಳಿದೆ. ಭಾವ ಡ್ಯಾಶ್‌ಬೋರ್ಡ್ ಹಿಡಿದು ಮುಂದಕ್ಕೆ ಬಾಗಿ, ಉಸಿರನ್ನು ಎಲ್ಲಿಂದಲೋ ಎಳೆದು ತರುತ್ತಿದ್ದರು. ಗಂಟಲಿನಿಂದ ಸಣ್ಣ ಸೀಟಿಯಂಥ ಶಬ್ದ. ಫೋನಿಗೆ ಸಿಗ್ನಲ್ ಇಲ್ಲ. ಉಳಿದ ದಾರಿಯಲ್ಲಿ ನಾನು ಒಬ್ಬನೇ ರೊಬಸ್ಟಾ ಬಗ್ಗೆ ಭಾಷಣ ಮಾಡಿದೆನಂತೆ. ನನಗೆ ನೆನಪಿಲ್ಲ. ಆ ಸೀಟಿ ಮಾತ್ರ ನೆನಪಿದೆ. ಕುಕ್ಕರ್ ಇನ್ನೂ ಕೂಗದೆ ಸುಯ್ಯೆನ್ನುವಾಗ ಈಗಲೂ ಅಡುಗೆಮನೆ ಬಿಟ್ಟು ಹೊರಗೆ ಹೋಗುತ್ತೇನೆ.

ಆಸ್ಪತ್ರೆಯ ಬಾಗಿಲಲ್ಲೇ ಸೀನಿಯರ್ ನಿಂತಿದ್ದರು. ತೆಳ್ಳನೆಯ ಹೆಂಗಸು, ಮೆಲ್ಲನೆ ಮಾತು. “ಮಾತು ಯಾವಾಗ ನಿಂತೋಯ್ತು?”

“ಎರಡನೇ ಸಲ ರೊಬಸ್ಟಾ ಅಂದಾಗ,” ಎಂದೆ. ಅವರು ನನ್ನನ್ನು ಬಿಟ್ಟು ಅಕ್ಕನನ್ನು ಕೇಳಿದರು.

ಭಾವ ಎಚ್ಚರವಿರುವಾಗಲೇ ಮೂಗಿನಿಂದ ಉಸಿರಿನ ನಳಿಕೆ ಇಳಿಸುತ್ತೇವೆ, ಆಗದಿದ್ದರೆ ಕುತ್ತಿಗೆಯಲ್ಲಿ ದಾರಿ ಮಾಡುತ್ತೇವೆ, ಆಮೇಲೆ ದವಡೆಯ ಕೆಳಗೆ ಕೊಯ್ದು ಕೀವು ಹರಿಸಿ ಹಲ್ಲು ತೆಗೆಯುತ್ತೇವೆ ಎಂದು ವಿವರಿಸಿದರು. “ಕುತ್ತಿಗೆ” ಎಂಬ ಪದದವರೆಗೆ ಕೇಳಿಸಿಕೊಂಡೆ. ಕಣ್ಣು ಬಿಟ್ಟಾಗ ಬೆಂಚಿನ ಮೇಲೆ ಮಲಗಿದ್ದೆ, ಒಬ್ಬ ನರ್ಸ್ ಕಾಲು ಎತ್ತಿ ಹಿಡಿದಿದ್ದಳು. ರೋಗಿಗೆ ಮಲಗಬಾರದೆಂಬ ಕಟ್ಟಪ್ಪಣೆ, ಕರೆತಂದವನಿಗೆ ಹಾಸಿಗೆ!

ಉಸಿರಿನ ನಳಿಕೆಗೆ ಮೂಗಿನ ದಾರಿಯೇ ಸಿಕ್ಕಿತು. ಸಂಜೆ ಮಂಗಳೂರಿನಿಂದ ಬಂದ ಮಗಳು ಅಪ್ಪನ ದವಡೆಯ ಕೆಳಗಿನ ಗಾಯ, ಕೀವಿನ ನಳಿಕೆ ಎಲ್ಲ ನೋಡಿ, ಸೀನಿಯರ್ ಜೊತೆ ಶಾಂತವಾಗಿ ಇಂಗ್ಲಿಷಿನಲ್ಲಿ ಮಾತಾಡಿ ಹೊರಗೆ ಬಂದು, ನನ್ನ ಅಂಗಿ ಹಿಡಿದುಕೊಂಡು ಗೋಳೋ ಎಂದು ಅತ್ತಳು. ಸಮಾಧಾನ ಮಾಡಲು ನನಗೆ ಒಂದು ಮಾತೂ ಹೊಳೆಯಲಿಲ್ಲ. ದಾರಿಯಲ್ಲೇ ಎಲ್ಲ ಖರ್ಚಾಗಿತ್ತು.

ಭಾವ ಈಗ ಗಟ್ಟಿಯಾಗಿದ್ದಾರೆ. ಆದರೆ ಅವರ ಫೋನ್ ಬಂದರೆ ಅವರು ಹೇಳುವ ವಿಷಯ ನಾನು ಕೇಳುವುದಿಲ್ಲ, ದನಿ ಕೇಳುತ್ತೇನೆ. ದಪ್ಪಗಿದೆಯೇ, ಜೊಲ್ಲು ನುಂಗಿದರೇ, ಉಸಿರಿಗೆ ನಿಲ್ಲುತ್ತಿದ್ದಾರೆಯೇ ಎಂದು ಗಮನಿಸುತ್ತಾ “ಹೂಂ, ಹೂಂ” ಎನ್ನುತ್ತಿರುತ್ತೇನೆ. ಹೋದ ವಾರ ಅವರ ಜೀಪು ನಮ್ಮ ಮನೆಯೆದುರು ಎರಡು ನಾಯಿಮರಿಗಳನ್ನು ಇಳಿಸಿ ಹೋಯಿತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. ಭಾವನಿಗೆ ಫೋನ್ ಮಾಡಿದೆ.

“ಮೊನ್ನೆ ಎರಡೂ ಇರ್ಲಿ ಅಂದ್ಯಲ್ಲ ಮಾರಾಯ! ಮೂರು ಸಲ ಕೇಳಿದೀನಿ, ಮೂರು ಸಲ ಹೂಂ ಅಂದಿದೀಯ. ಈಗ ಬೇಡ ಅಂದ್ರೆ ಹೆಂಗೆ?”

ಒಂದೇ ಉಸಿರಿಗೆ ಅಷ್ಟೂ ಹೇಳಿದರು. ಎಲ್ಲೂ ತಡೆಯಲಿಲ್ಲ.

“ಇರ್ಲಿ ಬಿಡಿ ಭಾವ,” ಎಂದು ಮರಿಗಳನ್ನು ಎತ್ತಿಕೊಂಡು ಒಳಗೆ ಬಂದೆ.