ಚಪ್ಪಲಿ ಹಾಕಿಕೊಂಡೇ ಹೋಗಿದ್ದೇನೆ

ಇಪ್ಪತ್ತು ವರ್ಷ ಮಂದಿಯ ಹಾಜರಿ ಬರೆದ ನನಗೆ ನನ್ನದೇ ಒಂದು ಗೈರುಹಾಜರಿ ನೆಟ್ಟಗೆ ಬರೆಯಲು ಬರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಳೂರಿನ ಮೇಲುಗಡೆಯ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಅಂದ ತಕ್ಷಣ ನೀವು ಕಥೆ, ಕಾದಂಬರಿ ಎಂದುಕೊಳ್ಳಬೇಡಿ. ನಮ್ಮ ಕಡೆ ರೈಟರ್ ಎಂದರೆ ಬೆಳಿಗ್ಗೆ ಕೆಲಸಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂದು ಪುಸ್ತಕದಲ್ಲಿ ಗೀಟು ಎಳೆಯುವವನು. ಉಳಿದ ಹೊತ್ತು ಕಿಟಕಿಯಾಚೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡುತ್ತಾ ಕೂರುವವನು. ಎರಡನೆಯ ಕೆಲಸವನ್ನು ನಾನು ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಆಫೀಸಿಗೆ ಕಂಪ್ಯೂಟರ್ ಬಂದು, ಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಬಂದು, ಗೇಟಿನ ಬೋರ್ಡಿನ ಮೇಲೆ ಈ-ಮೇಲ್ ವಿಳಾಸ ಹತ್ತಿತ್ತು. ಆ ಏಪ್ರಿಲ್‌ನಲ್ಲಿ ಕಳಸದಲ್ಲಿ ತಂಗಿಯ ಮನೆ ಗೃಹಪ್ರವೇಶವೆಂದು ನಾಲ್ಕು ದಿನ ರಜೆ ಕೇಳಿದೆ. ಎಸ್ಟೇಟಿನ ಯಜಮಾನರಾದ ಗೌಡರು ಹೂಂ ಅಂದರು. ಅವರ ಸೊಸೆ ಶಾಲಿನಿಯವರು ಮಾತ್ರ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, "ರೈಟ್ರೇ, ಆಟೋ ರಿಪ್ಲೈ ಹಾಕಿ ಹೋಗಿ. ಯಾರು ಮೇಲ್ ಮಾಡಿದ್ರೂ ನೀವಿಲ್ಲ ಅಂತ ಅದೇ ಹೇಳ್ಕೊಳ್ಳುತ್ತೆ" ಎಂದರು.

ಅಲ್ಲೇ ನನ್ನ ಬೆರಳು ನಿಂತಿತು. ನನಗೆ ಮಾತು ಕಲಿಸಿದ್ದು ಅಜ್ಜಿ. ಅವಳ ಅಡುಗೆಮನೆಯಲ್ಲಿ ಅಕ್ಕಿ ಎಂದೂ 'ಇಲ್ಲ' ಆಗುತ್ತಿರಲಿಲ್ಲ, 'ತುಂಬಿದೆ' ಆಗುತ್ತಿತ್ತು. ಹೊಸಿಲು ದಾಟುವವರು ಹೋಗುತ್ತೇನೆ ಎನ್ನುವಂತಿರಲಿಲ್ಲ, ಬರುತ್ತೇನೆ ಎನ್ನಬೇಕಿತ್ತು. ಅಜ್ಜ ಮೂಡಿಗೆರೆಗೆ ಹೋಗಿ ಎರಡು ದಿನವಾಗಿದ್ದರೂ ಬಂದವರಿಗೆ ಅವಳು, "ಈಗ ಬರ್ತಾರೆ, ಕೂತ್ಕೊಳ್ಳಿ" ಎಂದು ಕಾಫಿ ಕೊಡುತ್ತಿದ್ದಳು. 'ಇಲ್ಲ' ಎಂಬ ಆ ಒಂದು ಪದದ ಮೇಲೆ ಅವಳಿಗೇಕೆ ಅಷ್ಟು ಮುನಿಸು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನೀವೇ ಹೇಳಿ ನೋಡಿ. ಇರುವಾಗ ನಾನು ಇದ್ದೇನೆ, ನೀನು ಇದ್ದೀಯೆ, ಅವರು ಇದ್ದಾರೆ. ಮಾತಿನ ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ಬಾಲ, ಹಿರಿಯರಿಗೆ ಮರ್ಯಾದೆ ಬೇರೆ. ಇಲ್ಲವಾದರೆ ಮುಗಿಯಿತು. ನಾನು ಇಲ್ಲ, ನೀನು ಇಲ್ಲ, ಗೌಡರೂ ಇಲ್ಲ. ಕನ್ನಡದಲ್ಲಿ ಎಲ್ಲರೂ ಸಮಾನರಾಗುವುದು ಇಲ್ಲದಿರುವಾಗ ಮಾತ್ರ. ಅಷ್ಟು ದೊಡ್ಡ ಮಾತನ್ನು ನಾಲ್ಕು ದಿನದ ರಜೆಗೆ ಬಳಸುವುದೇ?

ನಾನು ಹಿಂಜರಿಯಲು ಇನ್ನೊಂದು ಕಾರಣವಿತ್ತು. ಅದರ ಹೆಸರು ಲಕ್ಷ್ಮಣ.

ಲಕ್ಷ್ಮಣ ಬಣಕಲ್‌ನವನು, ನನ್ನ ಬಾಲ್ಯದ ಗೆಳೆಯ, ಜೇನು ಸಾಕುವವನು. ಕಾಫಿ ಹೂ ಬಿಟ್ಟು ಉದುರಿದ ಮೇಲೆ ಪೆಟ್ಟಿಗೆ ಬಿಚ್ಚಿ, ವರ್ಷದ ಮೊದಲ ಬಾಟಲಿ ನನಗೇ ತರುತ್ತಿದ್ದ. ತಂದರೆ ಮೂರು ಗಂಟೆ ಮಾತಾಡದೆ ಹೋಗುತ್ತಿರಲಿಲ್ಲ. ಇದಕ್ಕೆ ನಾಲ್ಕು ವರ್ಷ ಹಿಂದೆ ಒಂದು ಮಧ್ಯಾಹ್ನ ನಾನು ಹಿತ್ತಲ ಜಗಲಿಯಲ್ಲಿ ಏನೂ ಮಾಡದೆ ಕೂತಿದ್ದೆ. ಮೋಡ ತೋಟದೊಳಗೆ ಇಳಿದು ಒಂದೊಂದೇ ಮರವನ್ನು ಅಳಿಸುತ್ತಿತ್ತು, ಇನ್ನೇನು ನನ್ನನ್ನೂ ಅಳಿಸಬೇಕು, ಅಷ್ಟರಲ್ಲಿ ಮುಂಬಾಗಿಲಲ್ಲಿ ಅವನ ದನಿ: "ಇದ್ದೀಯಾ?" ಕೆಲಸದಲ್ಲಿರುವವನನ್ನು ಕರೆದರೆ ಅವನು ಎದ್ದು ಬಂದಾನು, ಕನಸಿನಲ್ಲಿರುವವನನ್ನು ಕರೆದರೆ ಅವನಿಗೆ ಸಿಟ್ಟು ಬರುತ್ತದೆ. ಹೆಂಡತಿ ಗಿರಿಜೆಗೆ ಕೈಸನ್ನೆ ಮಾಡಿದೆ. ಅವಳು ಹೋಗಿ ಅವ್ರು ಇಲ್ಲ ಅಂದಳು. ಆಮೇಲೆ ಲಕ್ಷ್ಮಣನ ಮಾತು ನಿಧಾನವಾಗಿ ಒಳಗೆ ಬಂತು.

"ಹೌದಾ. ಬರಿಗಾಲಲ್ಲೇ ಹೋಗಿದಾನಲ್ಲ, ಪಾಪ. ಮುಳ್ಳು ಚುಚ್ಚೀತು."

ನಾನು ಹೊರಗೆ ಬರುವ ಹೊತ್ತಿಗೆ ಅವನು ಹೋಗಿಯಾಗಿತ್ತು. ಮೆಟ್ಟಿಲ ಮೇಲೆ ನನ್ನ ಚಪ್ಪಲಿ, ಅದರ ಪಕ್ಕದಲ್ಲಿ ಜೇನಿನ ಬಾಟಲಿ. ಅದೇ ಕೊನೆ. ಮುಂದಿನ ವರ್ಷ ಜೇನು ಬರಲಿಲ್ಲ, ಅವನೂ ಬರಲಿಲ್ಲ. ನಾನು ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಹೇಗೆ ಹೇಳಲಿ ಎಂದು ಯೋಚಿಸುವುದರಲ್ಲೇ ನಾಲ್ಕು ಸಲ ಕಾಫಿ ಹೂ ಬಿಟ್ಟು ಹೋಯಿತು.

ಇಷ್ಟೆಲ್ಲ ಶಾಲಿನಿಯವರಿಗೆ ಹೇಳುವುದುಂಟೆ? 'ಹೋಗಿ ಬರುತ್ತೇನೆ' ಎಂದಷ್ಟೇ ಬರೆಯಲೇ ಎಂದು ಕೇಳಿದೆ. ನಕ್ಕರು. ಕೊನೆಗೆ ಇಂಗ್ಲಿಷಿನಲ್ಲಿ ಎರಡು ಸಾಲು, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ: 'ನಾನು ಇಲ್ಲ.' ಅಜ್ಜಿಯ ಕ್ಷಮೆ ಕೇಳಿ ಬಟನ್ ಒತ್ತಿದೆ.

ಕಳಸದ ಹೊಸ ಮನೆಯ ಜಗಲಿಯಲ್ಲಿ ಕೂತರೆ ನನಗೆ ಅದೇ ಧ್ಯಾನ. ಎಲ್ಲೋ ಸಮುದ್ರದಾಚೆ, ಮೇಲ್ ಕಂಪನಿಯ ತಣ್ಣನೆಯ ಕೋಣೆಯಲ್ಲಿ ಇನ್ನೊಬ್ಬ ನಾನು ಕೂತಿದ್ದಾನೆ. ಅವನಿಗೆ ನಿದ್ದೆಯಿಲ್ಲ, ತೂಕಡಿಕೆಯಿಲ್ಲ, ಕಿಟಕಿಯೂ ಇಲ್ಲ. ಬಾಗಿಲಿಗೆ ಬಂದವರಿಗೆಲ್ಲ ವಿನಯದಿಂದ ನಾನು ಇಲ್ಲ, ನಾನು ಇಲ್ಲ ಎನ್ನುತ್ತಿದ್ದಾನೆ. ತನ್ನ ಬಾಯಿಂದಲೇ ತಾನಿಲ್ಲ ಎಂದು ಹೇಳುವ ಇಂಥ ವಿಚಿತ್ರ ಪ್ರಾಣಿಯನ್ನು ನೆನೆದು ಮಂಪರು ಹತ್ತುತ್ತಿತ್ತು.

ರಜೆ ಮುಗಿಸಿ ಬಂದ ದಿನವೇ ಗಾಳಿಮಳೆಗೆ ಕೊಂಬೆ ಮುರಿದು ಫೋನಿನ ತಂತಿ ಹರಿಯಿತು. ತಂತಿಯಿಲ್ಲದೆ ಮೇಲ್ ಇಲ್ಲ, ಮೇಲ್ ಇಲ್ಲದೆ ಆ ಇನ್ನೊಬ್ಬನ ನೆನಪೂ ಇಲ್ಲ. ಎರಡು ವಾರ ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಅವನು ನಾನಿಲ್ಲ ಎಂದು ಸಾರುತ್ತಲೇ ಇದ್ದ. ಗೌಡರು ಚಿಕ್ಕಮಗಳೂರಿನಿಂದ ಮೇಲ್ ಮಾಡಿ, ಉತ್ತರ ಓದಿ, ಜೀಪಿನಲ್ಲಿ ಬಂದಿಳಿದವರು ನನ್ನ ಮೇಜಿನ ಎದುರು ನಿಂತು, "ರೈಟ್ರೇ, ಈಗ ನೀವು ಇದ್ದೀರೋ, ಇಲ್ವೋ? ಒಂದು ಹೇಳಿ" ಎಂದು ಕೇಳಿದಾಗಲೇ ನನಗೆ ಎಚ್ಚರ.

ತಂತಿ ಸರಿಹೋದ ದಿನ ಅವಸರದಲ್ಲಿ ತೆರೆದೆ. ಕಾಫಿ ಕೊಳ್ಳುವವರ ಕಾಗದಗಳ ನಡುವೆ ಬಣಕಲ್‌ನ ಸೈಬರ್ ಅಂಗಡಿಯಿಂದ ಬಂದ ಒಂದೇ ಸಾಲು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು: 'ಜೇನು ಬಂದಿದೆ. ಇದ್ದೀಯಾ? ಲಕ್ಷ್ಮಣ.'

ಅದಕ್ಕೆ ಆ ಕ್ಷಣವೇ ಹೋದ ಉತ್ತರ: 'ನಾನು ಇಲ್ಲ.'

ತಾರೀಖು ನೋಡಿದೆ. ಆ ಮೇಲ್ ಬಂದಾಗ ನಾನು ಕಳಸದಿಂದ ಬಂದು ವಾರವಾಗಿತ್ತು. ನಾಲ್ಕು ವರ್ಷದ ಮೇಲೆ ಒಬ್ಬ ಮನುಷ್ಯ ಬಿಂಕ ಬಿಟ್ಟು ಮತ್ತೆ ಬಾಗಿಲಿಗೆ ಬಂದಿದ್ದಾನೆ, ಮತ್ತೆ ಅದೇ ಮಾತು. ಈ ಸಲ ಹೋಗದಿದ್ದರೆ ಇನ್ನು ಈ ಜನ್ಮಕ್ಕೆ ಆ ಬಾಗಿಲು ತೆರೆಯುವುದಿಲ್ಲ ಎನ್ನಿಸಿತು. ಸಿಕ್ಕಿದ ಬಸ್ಸು ಹತ್ತಿದೆ.

ಬಣಕಲ್‌ನಲ್ಲಿ ಅವನ ಹೆಂಡತಿ ಸುಶೀಲಮ್ಮ ಬಾಗಿಲಿಗೆ ಬಂದವರು ನನ್ನ ಮುಖ ನೋಡದೆ, "ಅವ್ರು ಇಲ್ಲ ಅಣ್ಣ" ಎಂದರು.

ಮೆಟ್ಟಿಲ ಮೇಲೆ ಅವನ ಚಪ್ಪಲಿ. ಮಾಮೂಲಿ ಕೆಸರು ಮೆತ್ತಿದ ಚಪ್ಪಲಿಯಲ್ಲ. ನನಗೆಂದೇ ತೊಳೆದು, ಜೋಡಿಸಿ, ನಡುಮೆಟ್ಟಿಲಿನಲ್ಲಿಟ್ಟ ಚಪ್ಪಲಿ. ನಾನು ಬಸ್ಸಿಳಿದು ಬರುವುದನ್ನು ದೂರದಿಂದಲೇ ನೋಡಿದ್ದನೆಂದು ಕಾಣುತ್ತದೆ.

ಬರ್ಲಿ, ಕೂತಿರ್ತೀನಿ ಎಂದು ನನ್ನ ಚಪ್ಪಲಿಯನ್ನೂ ಅದರ ಪಕ್ಕ ಬಿಟ್ಟು ಜಗಲಿಯಲ್ಲಿ ಕೂತೆ. ಸುಶೀಲಮ್ಮ ಕಾಫಿ ಕೊಟ್ಟರು. ಬೇಲಿಯ ಹತ್ತಿರ ಜೇನುಪೆಟ್ಟಿಗೆಗಳು. ಹುಳುಗಳು ಹೋಗುತ್ತಿದ್ದವು, ಬರುತ್ತಿದ್ದವು. ಒಂದಾದರೂ ತಾನಿಲ್ಲವೆಂದು ಹೇಳಿ ಹೋಗುತ್ತಿರಲಿಲ್ಲ. ಆ ಗುಂಯ್ ಸದ್ದಿನಲ್ಲಿ ಬಿಸಿಲು ಮೆಲ್ಲಗೆ ಜಗಲಿಯಿಂದ ಅಂಗಳಕ್ಕೆ ಇಳಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕ್ಷಮೆ ಕೇಳಲು ಹೋದವನಿಗೆ ಅಲ್ಲೂ ಕಣ್ಣು ಮುಚ್ಚುತ್ತಿತ್ತು.

ಒಳಗಿನಿಂದ ಇಲ್ಲದವನ ದನಿ ಕೇಳಿತು. "ಸುಶೀಲಾ, ಏನು ಮಾಡ್ತಿದಾನೆ ಅವನು?"

"ಏನಿಲ್ಲ, ಸುಮ್ನೆ ಕೂತಿದಾರೆ."

"ಕೂರ್ಲಿ ಬಿಡು. ಅದೊಂದರಲ್ಲಿ ಅವನು ಮೊದಲಿಂದ ಹುಷಾರು."

ಇನ್ನಷ್ಟು ಹೊತ್ತಾದ ಮೇಲೆ ಬಂದು ಎದುರಿಗೆ ಕೂತ. ಅಂದು ಮೇಲ್ ಕಳಿಸಿ, ಉತ್ತರ ಓದಿ ಸೈಬರ್ ಅಂಗಡಿಯಿಂದ ಹೊರಗೆ ಬಂದರೆ, ಎದುರು ನಿಂತ ಬಸ್ಸಿನ ಕಿಟಕಿಯಲ್ಲಿ ನಾನು, ಮೂಡಿಗೆರೆ ಸಂತೆಗೆ ಹೊರಟವನು, ಕಡಲೆಕಾಯಿ ತಿನ್ನುತ್ತಾ ಕೂತಿದ್ದೆನಂತೆ. ನಾನು ತಂತಿ, ಮಳೆ, ರಜೆ, ಸಮುದ್ರದಾಚೆಯ ಕೋಣೆ ಎಲ್ಲ ಹೇಳಿದೆ. ಅದೆಲ್ಲ ಮುಗಿದ ಮೇಲೆ ನಾಲ್ಕು ವರ್ಷದಿಂದ ಹೇಳದೆ ಉಳಿದದ್ದು ತಾನಾಗಿ ಬಂತು: "ಈ ಸಲದ್ದು ಮೆಷಿನ್, ಲಕ್ಷ್ಮಣ. ಆವತ್ತಿನದು ನಾನೇ. ಒಳಗಿದ್ದೆ."

ಅವನು ಮೆಟ್ಟಿಲ ಮೇಲಿನ ನಾಲ್ಕು ಚಪ್ಪಲಿಗಳನ್ನೇ ನೋಡುತ್ತಿದ್ದ.

"ನಿನಗಿಂತ ನಿನ್ನ ಮೆಷಿನ್ನೇ ವಾಸಿ ಮಾರಾಯ. ಚಪ್ಪಲಿ ಹೊರಗೆ ಬಿಟ್ಟು ಸುಳ್ಳು ಹೇಳೋದಿಲ್ಲ."

ಹಾಗೆಂದು ಒಳಗೆ ಹೋಗಿ ಬಾಟಲಿ ತಂದ. ಆಮೇಲೆ ಮೂರು ಗಂಟೆ ಮಾತಾಡಿದ. ನಾನು ಒಂದು ಸಲವೂ ತೂಕಡಿಸಲಿಲ್ಲ. ತೂಕಡಿಸಿದ್ದರೂ ಅವನು ನಿಲ್ಲಿಸುತ್ತಿರಲಿಲ್ಲ.

ಮುಂದಿನ ರಜೆಗೆ ನಾನೇ ಕೂತು ಆ ಇನ್ನೊಬ್ಬನಿಗೆ ಹೊಸ ಪಾಠ ಹೇಳಿಕೊಟ್ಟೆ. ಇಂಗ್ಲಿಷಿನ ಎರಡು ಸಾಲು ಹಾಗೇ ಇದ್ದವು. ಅದರ ಕೆಳಗೆ ಹೀಗಿತ್ತು: 'ಬರುತ್ತೇನೆ. ಚಪ್ಪಲಿ ಹಾಕಿಕೊಂಡೇ ಹೋಗಿದ್ದೇನೆ.' ಕಾಫಿ ಕೊಳ್ಳುವವರು ಏನೆಂದುಕೊಂಡರೋ ಗೊತ್ತಿಲ್ಲ. ಬಣಕಲ್‌ನಿಂದ ಮಾತ್ರ ಮರುದಿನ ಉತ್ತರ ಬಂದಿತ್ತು: 'ಸರಿ. ಕೂತಿರ್ತೀನಿ.'